ಬೆಳಿಗ್ಗೆ ಸೆಲ್ಫ್ ಹೊಡೆದಾಗ ಮೂರು ಸೆಕೆಂಡ್ ಗರಗರ: ಟೈಮಿಂಗ್ ಚೈನ್ ತನಕ ಹೋದ ರಿಪೇರಿಯ ದಿನಚರಿ

ಕಾರಿನ ಕೆಲಸ ಮುಗಿದು ಎರಡು ವಾರ ಆಯ್ತು. ಉಗುರಿನ ಸಂದಿಯಲ್ಲಿ ಕರಿ ಇನ್ನೂ ಪೂರ್ತಿ ಹೋಗಿಲ್ಲ. ಮರೆಯೋ ಮುಂಚೆ ದಿನಾಂಕದ ಸಮೇತ ಬರೆದಿಡ್ತಿದ್ದೇನೆ. ಇದೇ ಸದ್ದು ಕೇಳಿ ತಲೆ ಕೆಡಿಸಿಕೊಂಡಿರೋರು ಯಾರಾದ್ರೂ ಇದ್ದರೆ ನಾನು ಸುಮ್ನೆ ಕಳೆದ ದುಡ್ಡು, ಭಾನುವಾರ ಅವರಿಗಾದರೂ ಉಳಿಯಲಿ.

ಕಾರು 2014ರ ಮಾಡೆಲ್. 1.2 ಲೀಟರ್ ಪೆಟ್ರೋಲ್ ಹ್ಯಾಚ್‌ಬ್ಯಾಕ್, ನಾಲ್ಕು ಸಿಲಿಂಡರ್, 16 ವಾಲ್ವ್. ಟೈಮಿಂಗ್‌ಗೆ, ಅಂದರೆ ಪಿಸ್ಟನ್ ಓಟಕ್ಕೆ ಸರಿಯಾಗಿ ವಾಲ್ವ್ ತೆರೆದು ಮುಚ್ಚೋಕೆ, ಬೆಲ್ಟ್ ಇಲ್ಲ, ಚೈನ್ ಇದೆ. 2021ರಲ್ಲಿ ಸೆಕೆಂಡ್ ಹ್ಯಾಂಡ್ ತಗೊಂಡಾಗ 68,000 ಕಿ.ಮೀ. ಓಡಿತ್ತು. ಮನೆ ಇರೋದು ತಿಪಟೂರಿನಲ್ಲಿ. ನನ್ನ ಹೆಂಡತಿ ಟೀಚರ್, ದಿನಾ ಇದೇ ಕಾರಲ್ಲಿ ತುರುವೇಕೆರೆ ಕಡೆ ಹೋಗಿ ಬರ್ತಾಳೆ. ಈ ಎಂಜಿನ್‌ನಲ್ಲಿ ಚೈನ್ ಹಲ್ಲು ತಪ್ಪಿದರೆ ವಾಲ್ವ್ ಹೋಗಿ ಪಿಸ್ಟನ್‌ಗೆ ಬಡಿಯುತ್ತದೆ. ಅವಳು ಒಬ್ಬಳೇ ದಾರಿಯಲ್ಲಿ ನಿಲ್ಲಬೇಕಾಗುತ್ತಲ್ಲ ಅನ್ನೋದೇ ನನ್ನ ಭಯ. ಹಾಗಾಗಿ ‘ಹಳೇ ಗಾಡಿ ಅಂದ ಮೇಲೆ ಸದ್ದು ಇರುತ್ತೆ’ ಅನ್ನೋ ಮಾತನ್ನು ಒಪ್ಪಿಕೊಂಡು ಸುಮ್ಮನಿರೋಕೆ ಆಗಲಿಲ್ಲ.

1. ನವೆಂಬರ್ 24, 2024, ಭಾನುವಾರ. ಮೀಟರ್: 1,12,400 ಕಿ.ಮೀ.

ಬೆಳಿಗ್ಗೆ ಆರೂವರೆ. ಸೆಲ್ಫ್ ಹೊಡೆದ ತಕ್ಷಣ ಎಂಜಿನ್ ಹಿಡಿಯಿತು. ಜೊತೆಗೇ ಗರಗರ ಅಂತ ಸದ್ದು. ತಗಡಿನ ಡಬ್ಬಿಯಲ್ಲಿ ಚಿಲ್ಲರೆ ಹಾಕಿ ಜೋರಾಗಿ ಅಲ್ಲಾಡಿಸಿದ ಹಾಗೆ. ಒಂದು, ಎರಡು, ಮೂರು ಎಣಿಸುವಷ್ಟರಲ್ಲಿ ನಿಂತುಹೋಯಿತು. ಆಮೇಲೆ ಎಂಜಿನ್ ಎಂದಿನಂತೆ ನಯವಾಗಿ ಓಡಿತು. ಆಫ್ ಮಾಡಿ ಮತ್ತೆ ಹಾಕಿದೆ, ಸದ್ದೇ ಇಲ್ಲ.

ಹೆಂಡತಿಯನ್ನು ಕೇಳಿದೆ. “ಒಂದು ತಿಂಗಳಿಂದ ಇದೆ, ನಿಮಗೆ ಹೇಳಿದ್ದೆ” ಅಂದಳು. ಹೇಳಿದ್ದು ನಿಜ. ನಾನು ಸಂಜೆ ಹೋಗಿ ಸ್ಟಾರ್ಟ್ ಮಾಡಿ, ಏನೂ ಇಲ್ಲ ಅಂದಿದ್ದೆ. ಬೆಳಿಗ್ಗೆ ಬರೋ ಸದ್ದನ್ನು ಸಂಜೆ ಹುಡುಕಿದ್ದು ನನ್ನ ಮೊದಲ ತಪ್ಪು.

2. ನವೆಂಬರ್ 25ರಿಂದ 30. ಬರೀ ಕೇಳಿಸಿಕೊಂಡಿದ್ದು.

ಆರು ದಿನ ಏನನ್ನೂ ಬಿಚ್ಚಲಿಲ್ಲ. ಗಾಡಿ ಎಷ್ಟು ಹೊತ್ತು ನಿಂತಿತ್ತು, ಸದ್ದು ಎಷ್ಟು ಹೊತ್ತು ಬಂತು ಅಂತ ಕ್ಯಾಲೆಂಡರ್ ಹಿಂದೆ ಬರೆದುಕೊಂಡೆ. ಫೋನಲ್ಲಿ ರೆಕಾರ್ಡ್ ಮಾಡಿ, ಆಮೇಲೆ ನಿಧಾನವಾಗಿ ಓಡಿಸಿ ಸೆಕೆಂಡ್ ಲೆಕ್ಕ ಹಾಕಿದೆ.

ರಾತ್ರಿಯಿಡೀ, ಅಂದರೆ ಹತ್ತು ಗಂಟೆ ನಿಂತಿದ್ದಾಗ ಮೂರು ಸೆಕೆಂಡ್. ಸ್ಕೂಲಿನ ಹತ್ತಿರ ಬಿಸಿಲಲ್ಲಿ ಐದು ಗಂಟೆ ನಿಂತಿದ್ದಾಗ ಒಂದೂವರೆ ಸೆಕೆಂಡ್. ಒಂದು ಗಂಟೆ ನಿಂತಿದ್ದಾಗ ಇಲ್ಲವೇ ಇಲ್ಲ.

ಆ ಬಿಸಿಲಿನ ಲೆಕ್ಕ ಬಹಳ ಮುಖ್ಯವಾಗಿತ್ತು. ಬಾನೆಟ್ ಸುಡುವಷ್ಟು ಬಿಸಿ ಇದ್ದರೂ ಸದ್ದು ಬಂದಿದೆ ಅಂದರೆ ಚಳಿಯೊಂದೇ ಕಾರಣ ಆಗಿರಲಾರದು. ನಿಂತಷ್ಟು ಹೊತ್ತು ಏನೋ ಒಂದು ಕೆಳಗೆ ಇಳಿಯುತ್ತಿದೆ. ಬರೆದುಕೊಂಡಿದ್ದೇನೋ ಸರಿ. ಆದರೆ ಅದು ಏನು ಹೇಳ್ತಿದೆ ಅಂತ ಕೂತು ಯೋಚನೆ ಮಾಡಲಿಲ್ಲ. ಮುಂದಿನ ಭಾನುವಾರದ ತಪ್ಪಿಗೆ ಅದೇ ಕಾರಣ.

3. ಡಿಸೆಂಬರ್ 1. ಬೆಲ್ಟ್, ಹೀಟ್ ಶೀಲ್ಡ್. ಎರಡೂ ದಂಡ.

ಪರಿಚಯದ ಒಬ್ಬರು ರೆಕಾರ್ಡಿಂಗ್ ಕೇಳಿ ಫ್ಯಾನ್ ಬೆಲ್ಟ್ ಅಂದರು. ಹಳೇ ಬೆಲ್ಟ್‌ನಲ್ಲಿ ಸಣ್ಣ ಬಿರುಕು ಇತ್ತು. 520 ರೂಪಾಯಿ ಕೊಟ್ಟು ಹೊಸದು ಹಾಕಿದೆ. ಮರುದಿನ ಬೆಳಿಗ್ಗೆ ಅದೇ ಮೂರು ಸೆಕೆಂಡ್.

ಮಾಡಬೇಕಾಗಿದ್ದು ಇಷ್ಟೇ: ಬೆಲ್ಟ್ ಪೂರ್ತಿ ಕಳಚಿ, ತಣ್ಣಗಿನ ಎಂಜಿನ್ ಅನ್ನು ಐದು ಸೆಕೆಂಡ್ ಓಡಿಸಿ ಕೇಳೋದು. ಆಲ್ಟರ್ನೇಟರ್, ಎಸಿ ಕಂಪ್ರೆಸರ್, ವಾಟರ್ ಪಂಪ್ ಮೂರರ ಮೇಲಿನ ಅನುಮಾನವೂ ಒಂದೇ ಸಲಕ್ಕೆ ತೀರುತ್ತದೆ. ಇದನ್ನು ಎರಡು ದಿನ ಆದ ಮೇಲೆ ಮಾಡಿದೆ. ಬೆಲ್ಟ್ ಇಲ್ಲದೆಯೂ ಸದ್ದು ಬಂತು. ವಾಟರ್ ಪಂಪ್ ತಿರುಗದೆ ಇರೋದರಿಂದ ಐದು ಸೆಕೆಂಡಿಗಿಂತ ಜಾಸ್ತಿ ಓಡಿಸಬೇಡಿ.

ಸೈಲೆನ್ಸರ್ ಕಡೆ ಬಿಸಿ ತಡೆಯೋ ತಗಡು, ಹೀಟ್ ಶೀಲ್ಡ್‌ನ ಒಂದು ಬೋಲ್ಟ್ ತುಕ್ಕು ತಿಂದು ಹೋಗಿತ್ತು. ಮುಷ್ಟಿಯಲ್ಲಿ ಗುದ್ದಿದರೆ ಗಡಗಡ ಅನ್ನೋದು. ಸಿಕ್ಕೇ ಬಿಡ್ತು ಅಂದುಕೊಂಡು 60 ರೂಪಾಯಿಯ ಹೋಸ್ ಕ್ಲ್ಯಾಂಪ್ ಬಿಗಿದೆ. ಅದರ ಸದ್ದು ಬೇರೆ, ಬೆಳಗಿನ ಸದ್ದು ಬೇರೆ. ಶೀಲ್ಡ್ ಗಡಗಡ ಅನ್ನುತ್ತಿದ್ದುದು ರೇಸ್ ಕೊಟ್ಟಾಗ, ಅದೂ ಯಾವ ಹೊತ್ತಿನಲ್ಲಾದರೂ.

ಕ್ಲಚ್ ಒತ್ತಿ ಒಂದು ಬೆಳಿಗ್ಗೆ, ಒತ್ತದೆ ಒಂದು ಬೆಳಿಗ್ಗೆ ಸ್ಟಾರ್ಟ್ ಮಾಡಿ ನೋಡಿದೆ. ವ್ಯತ್ಯಾಸ ಇಲ್ಲ. ಗೇರ್‌ಬಾಕ್ಸ್ ಕಡೆ ಹೋಗೋದು ಬೇಡ ಅಂತ ಬಿಟ್ಟೆ.

4. ಡಿಸೆಂಬರ್ 8. ಆಯಿಲ್ ಲೈಟ್.

ಇಡೀ ಕೆಲಸದಲ್ಲಿ ದಾರಿ ತೋರಿಸಿದ್ದು ಈ ಒಂದು ಬೆಳಿಗ್ಗೆ. ದುಡ್ಡು ಒಂದು ಪೈಸೆ ಖರ್ಚಿಲ್ಲ.

ಬಾನೆಟ್ ಎತ್ತಿಟ್ಟೆ. ಕಿಟಕಿ ಗಾಜು ಇಳಿಸಿದೆ. ಫೋನನ್ನು ಸ್ಟಿಯರಿಂಗ್ ಮೇಲೆ ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿ, ಮೀಟರಿನ ಕೆಂಪು ಆಯಿಲ್ ಲೈಟ್ ಚೆನ್ನಾಗಿ ಕಾಣೋ ಹಾಗೆ ವಿಡಿಯೋ ಹಾಕಿದೆ. ಸದ್ದೂ ಲೈಟೂ ಒಂದೇ ವಿಡಿಯೋದಲ್ಲಿ ಬರಬೇಕು, ಅದೇ ಉಪಾಯ. ಸೆಲ್ಫ್ ಹೊಡೆದೆ.

ಒಳಗೆ ಬಂದು ನಿಧಾನ ಮಾಡಿ ನೋಡಿದೆ. ಎಂಜಿನ್ ಹಿಡಿದ ಕ್ಷಣದಿಂದ ಎಣಿಸಿದರೆ ಆಯಿಲ್ ಲೈಟ್ ಆರಿದ್ದು 2.6 ಸೆಕೆಂಡಿಗೆ. ಗರಗರ ನಿಂತಿದ್ದು 3 ಸೆಕೆಂಡಿಗೆ. ಇನ್ನೊಂದು ಬೆಳಿಗ್ಗೆ ಮತ್ತೆ ಹಿಡಿದೆ: 2.4ಕ್ಕೆ ಲೈಟ್, 2.9ಕ್ಕೆ ಸದ್ದು. ಲೈಟ್ ಆರುತ್ತದೆ, ಅದರ ಬೆನ್ನಿಗೇ ಸದ್ದು ನಿಲ್ಲುತ್ತದೆ. ಬಿಸಿ ಎಂಜಿನ್‌ನಲ್ಲಿ ನೋಡಿದರೆ ಲೈಟ್ ಒಂದು ಸೆಕೆಂಡ್ ಕೂಡ ಇರೋದಿಲ್ಲ.

ಆಯಿಲ್ ಪ್ರೆಶರ್ ತಡವಾಗಿ ಬರುತ್ತಿದೆ. ಅದು ಬರೋ ತನಕ ಏನೋ ಸಡಿಲ ಇದ್ದು ಬಡಿಯುತ್ತಿದೆ. ಅಲ್ಲಿಗೆ ಹುಡುಕೋ ಜಾಗ ಅರ್ಧಕ್ಕರ್ಧ ಕಡಿಮೆ ಆಯ್ತು.

ಡಿಪ್‌ಸ್ಟಿಕ್ ನೋಡಿದರೆ ಆಯಿಲ್ ಕೆಳಗಿನ ಗೆರೆಗಿಂತ ಸ್ವಲ್ಪ ಕೆಳಗೇ ಇತ್ತು. ಇದನ್ನು ಮೊದಲ ದಿನವೇ ನೋಡಬೇಕಿತ್ತು. ಮನೆಯಲ್ಲಿದ್ದ ಮುಕ್ಕಾಲು ಲೀಟರ್ ಸೇರಿಸಿದೆ. ಸದ್ದು ಎರಡೂವರೆ ಸೆಕೆಂಡಿಗೆ ಇಳಿಯಿತು, ಅಷ್ಟೇ.

ಗಟ್ಟಿ ಆಯಿಲ್ ಹಾಕಿ, ಸದ್ದು ಮುಚ್ಚಿಹೋಗುತ್ತೆ ಅಂತ ಇಬ್ಬರು ಹೇಳಿದರು. ಹಾಕಲಿಲ್ಲ. ತಣ್ಣಗಿರುವಾಗ ಗಟ್ಟಿ ಆಯಿಲ್ ಮೇಲೇರೋಕೆ ಇನ್ನೂ ತಡ ಮಾಡುತ್ತದೆ. ನನ್ನ ತೊಂದರೆಯೇ ಆ ತಡ. ಪುಸ್ತಕದಲ್ಲಿ 5ಡಬ್ಲ್ಯೂ-30 ಅಂತ ಇದೆ, ಅದನ್ನೇ ಉಳಿಸಿಕೊಂಡೆ.

5. ಡಿಸೆಂಬರ್ 15. ಫಿಲ್ಟರ್ ಕೊಯ್ದು ನೋಡಿದ್ದು. ಮೀಟರ್: 1,13,300.

ಈ ಎಂಜಿನ್‌ನಲ್ಲಿ ಆಯಿಲ್ ಫಿಲ್ಟರ್ ಅಡ್ಡಡ್ಡ ಕೂರುತ್ತದೆ. ಎಂಜಿನ್ ನಿಂತಾಗ ಅದರಲ್ಲಿರೋ ಆಯಿಲ್ ಸಂಪ್‌ಗೆ (ಎಂಜಿನ್ ಅಡಿಯ ಆಯಿಲ್ ತಟ್ಟೆಗೆ) ವಾಪಸ್ ಹೋಗದ ಹಾಗೆ ಒಳಗೆ ಒಂದು ರಬ್ಬರ್ ಬಿಲ್ಲೆ ತಡೆ ಇರುತ್ತದೆ. ಕಳೆದ ಸಲ ಆತುರದಲ್ಲಿ ಸಿಕ್ಕಿದ ಅಂಗಡಿಯಲ್ಲಿ 110 ರೂಪಾಯಿಯ ಫಿಲ್ಟರ್ ತಂದು ಹಾಕಿದ್ದೆ.

ಅದನ್ನು ಬಿಚ್ಚಿ ಒಂದು ಪರೀಕ್ಷೆ ಮಾಡಿದೆ. ನಡುವಿನ ದೊಡ್ಡ ತೂತಿನಿಂದ ಆಯಿಲ್ ತುಂಬಿಸಿ, ಆ ತೂತಿಗೆ ರಬ್ಬರ್ ಬಿರಡೆ ಜಡಿದೆ. ಕಾರಿನಲ್ಲಿ ಇರೋ ಹಾಗೆಯೇ ಅಡ್ಡ ಮಲಗಿಸಿ ಕೆಳಗೆ ಸ್ಟೀಲ್ ಲೋಟ ಇಟ್ಟೆ. ಸುತ್ತಲಿನ ಸಣ್ಣ ತೂತುಗಳಿಂದ ಆಯಿಲ್ ತೊಟ್ಟಿಕ್ಕೋಕೆ ಶುರು. ಇಪ್ಪತ್ತು ನಿಮಿಷಕ್ಕೆ ಲೋಟದ ತಳ ಮುಚ್ಚಿ ಎರಡು ಬೆರಳು ಎತ್ತರ ನಿಂತಿತ್ತು. 240 ರೂಪಾಯಿಯ ಹೊಸ ಫಿಲ್ಟರ್‌ನಲ್ಲೂ ಇದೇ ಪರೀಕ್ಷೆ ಮಾಡಿದೆ. ಇಪ್ಪತ್ತು ನಿಮಿಷಕ್ಕೆ ಮೂರು ಹನಿ.

ಹಳೇದನ್ನು ಬೆಂಚ್ ವೈಸ್‌ಗೆ ಕಚ್ಚಿಸಿ ಹ್ಯಾಕ್ಸಾ ಬ್ಲೇಡಿನಲ್ಲಿ ಸುತ್ತ ಕೊಯ್ದೆ. ಬಿಲ್ಲೆ ಕೈಗೆ ಬಂತು. ರಬ್ಬರ್ ಅನ್ನೋ ಹಾಗೇ ಇರಲಿಲ್ಲ. ಮಡಚಿದರೆ ಒಣಗಿದ ಅಡಿಕೆ ಹಾಳೆ ಥರ ಲಟಕ್ ಅಂತು. ಅಂಚಿನಲ್ಲಿ ಒಂದು ಕಡೆ ಅಲೆಅಲೆಯಾಗಿ ಎದ್ದು ತಗಡಿಗೆ ಕೂರುತ್ತಲೇ ಇರಲಿಲ್ಲ. ರಾತ್ರಿಯಿಡೀ ಆಯಿಲ್ ಇಳಿಯುತ್ತಿದ್ದ ದಾರಿ ಅದು.

ಹೊಸ ಫಿಲ್ಟರ್, 3.1 ಲೀಟರ್ ಹೊಸ ಆಯಿಲ್. ಮೂರೂವರೆ ಲೀಟರಿನ ಡಬ್ಬಿ 1,850 ರೂಪಾಯಿ. ಮರುದಿನ ಬೆಳಿಗ್ಗೆ ಲೈಟ್ ಒಂದು ಸೆಕೆಂಡಿಗೆ ಆರಿತು. ಸದ್ದು ಚಿಟಿಕೆ ಹೊಡೆಯುವಷ್ಟು ಹೊತ್ತು ಬಂದು ನಿಂತಿತು. ಗೆದ್ದೆ ಅಂದುಕೊಂಡೆ. ಹೆಂಡತಿಗೂ ಹಾಗೇ ಹೇಳಿದೆ.

6. ಜನವರಿ 5, 2025. ಮತ್ತೆ ಬಂತು.

ಚಳಿ ಏರಿತು. ಗರಗರ ಮತ್ತೆ ಎರಡು ಸೆಕೆಂಡಿಗೆ ಬಂದು ನಿಂತಿತು. ವಿಡಿಯೋದಲ್ಲಿ ಈಗ ಕಥೆ ಬೇರೆ: ಲೈಟ್ ಒಂದು ಸೆಕೆಂಡಿಗೆ ಆರುತ್ತದೆ, ಸದ್ದು ಅದಾದ ಮೇಲೂ ಒಂದು ಸೆಕೆಂಡ್ ಇರುತ್ತದೆ. ಫಿಲ್ಟರ್ ನಿಜವಾಗಿಯೂ ಕೆಟ್ಟಿತ್ತು. ಆದರೆ ಅದರ ಹಿಂದೆ ಇನ್ನೊಂದು ಇತ್ತು.

ಅರ್ಧ ಇಂಚಿನ ಪಿವಿಸಿ ಪೈಪ್ ಮೂರಡಿ ತುಂಡು ತಗೊಂಡು ಒಂದು ತುದಿ ಕಿವಿಗೆ, ಇನ್ನೊಂದು ತುದಿ ಎಂಜಿನ್ ಹತ್ತಿರ. ಅಕ್ಕನ ಮಗ ಸೆಲ್ಫ್ ಹೊಡೆದ. ತಣ್ಣಗಿನ ಎಂಜಿನ್ ದಿನಕ್ಕೆ ಒಂದೇ ಸಲ ಸಿಗೋದರಿಂದ ಒಂದು ಬೆಳಿಗ್ಗೆಗೆ ಒಂದೇ ಜಾಗ. ಎಂಜಿನ್ ತಲೆಯ ಮುಚ್ಚಳ, ಅಂದರೆ ಟ್ಯಾಪೆಟ್ ಕವರ್ ಮೇಲೆ ಸಾಧಾರಣ. ಸಂಪ್ ಹತ್ತಿರ ಕಡಿಮೆ. ಬೆಲ್ಟ್ ಕಡೆಯ ಟೈಮಿಂಗ್ ಕವರ್‌ನ ನಡುಮಟ್ಟದಲ್ಲಿ, ಆಯಿಲ್ ಪ್ರೆಶರ್‌ನಿಂದ ಚೈನನ್ನು ಬಿಗಿ ಹಿಡಿಯೋ ಟೆನ್ಷನರ್ ಇರೋ ಪಕ್ಕದಲ್ಲಿ, ಕಿವಿಗೆ ಬಡಿಯುವಷ್ಟು ಜೋರು. ತೋಳು ಉದ್ದದ ಅಂಗಿ ಹಾಕಿಕೊಂಡು ಬೆಲ್ಟ್ ಹತ್ತಿರ ಹೋಗಬೇಡಿ. ನಾನು ಬನಿಯನ್‌ನಲ್ಲಿ ನಿಂತಿದ್ದೆ.

7. ಜನವರಿ 12. ಟ್ಯಾಪೆಟ್ ಕವರ್ ತೆಗೆದದ್ದು.

ಚೈನ್ ಅಂತ ತೀರ್ಮಾನಿಸೋ ಮುಂಚೆ ಟ್ಯಾಪೆಟ್ ಗ್ಯಾಪ್ (ವಾಲ್ವ್‌ಗೂ ಅದನ್ನು ಒತ್ತೋ ಕ್ಯಾಮ್‌ಗೂ ನಡುವಿನ ಸಂದಿ) ನೋಡಿಬಿಡೋಣ ಅಂತ ಕವರ್ ಬಿಚ್ಚಿದೆ. ಆ ಸಂದಿ ಅಳೆಯೋ ಫೀಲರ್ ಗೇಜ್ 150 ರೂಪಾಯಿ, ಹೊಸ ಗ್ಯಾಸ್ಕೆಟ್ 450. ಹದಿನಾರೂ ವಾಲ್ವ್ ಅಳೆದೆ. ಎಲ್ಲವೂ ಪುಸ್ತಕದ ಮಿತಿಯೊಳಗೆ. ಒಂದು ಎಕ್ಸಾಸ್ಟ್ ಮಾತ್ರ ಅಂಚಿನಲ್ಲಿ ಇತ್ತು.

ಇಲ್ಲಿ ದೊಡ್ಡ ತಪ್ಪು ಮಾಡಿದೆ. ಕ್ಯಾಮ್ ಸರಿಯಾದ ಜಾಗಕ್ಕೆ ಬರೋಕೆ ಎಂಜಿನ್‌ನ ಮುಖ್ಯ ಶಾಫ್ಟ್ ತುದಿಯ ಚಕ್ರ, ಕ್ರ್ಯಾಂಕ್ ಪುಲ್ಲಿಯನ್ನು ಪಾನ ಹಾಕಿ ತಿರುಗಿಸುತ್ತಿದ್ದೆ. ಒಂದು ಸಲ ಸ್ವಲ್ಪ ಮುಂದೆ ಹೋಗಿಬಿಡ್ತು. ಏನಾಯ್ತು ಬಿಡು ಅಂತ ಹಿಂದಕ್ಕೆ ತಿರುಗಿಸಿದೆ. ಟೆನ್ಷನರ್ ಇರೋ ಬದಿಗೆ ಚೈನ್ ಒಮ್ಮೆಲೇ ಬಿಗಿಯಾಗಿ ಅದನ್ನು ಒಳಕ್ಕೆ ತಳ್ಳಿತು. ಇನ್ನೊಂದು ಬದಿಯಲ್ಲಿ ಚೈನ್ ಜೋತುಬಿತ್ತು. ಒಳಗೆ ಟಕ್ ಅಂತ ಒಂದು ಸದ್ದು. ಎದೆ ಧಸಕ್ ಅಂತು. ಕೈ ಬಿಟ್ಟು ಐದು ನಿಮಿಷ ಸುಮ್ಮನೆ ಕೂತೆ. ಆಮೇಲೆ ಮುಂದಕ್ಕೆ ಮಾತ್ರ, ನಿಧಾನವಾಗಿ, ಎರಡು ಪೂರ್ತಿ ಸುತ್ತು ತಿರುಗಿಸಿ ಮೊದಲ ಸಿಲಿಂಡರನ್ನು ಟಿಡಿಸಿಗೆ, ಅಂದರೆ ಪಿಸ್ಟನ್ ತೀರಾ ಮೇಲೆ ಬರೋ ಜಾಗಕ್ಕೆ ತಂದು ಗುರುತು ನೋಡಿದೆ. ಪುಣ್ಯಕ್ಕೆ ಹಲ್ಲು ತಪ್ಪಿರಲಿಲ್ಲ. ಜಾಸ್ತಿ ಮುಂದೆ ಹೋದರೆ ಇನ್ನೆರಡು ಸುತ್ತು ಹಾಕಿ, ಯಾವ ಕಾರಣಕ್ಕೂ ಹಿಂದಕ್ಕೆ ತಿರುಗಿಸಬೇಡಿ.

ಆ ಹೆದರಿಕೆಯಿಂದಲೇ ಒಂದು ವಿಷಯ ಗೊತ್ತಾಯ್ತು. ಹಲ್ಲಿನ ಲಾಕ್ ಇರೋ ಟೆನ್ಷನರ್ ಅಷ್ಟು ಸುಲಭವಾಗಿ ಒಳಗೆ ಹೋಗಬಾರದು.

ಗ್ಯಾರೇಜಿನಲ್ಲಿ ಕೇಳಿದೆ. ಚೈನ್ ಕೆಲಸಕ್ಕೆ 18,000 ಅಂದರು. ಅವರ ಲೆಕ್ಕ ಜಾಸ್ತಿ ಅಂತ ಹೇಳಲಾರೆ. ಆ ಕೆಲಸದಲ್ಲಿ ಎಷ್ಟು ಗಂಟೆ ಹೋಗುತ್ತೆ ಅಂತ ಈಗ ನನಗೆ ಗೊತ್ತು.

8. ಜನವರಿ 18. ಜೆ.ಸಿ. ರಸ್ತೆ.

ಟ್ರೈನ್ ಹತ್ತಿ ಬೆಂಗಳೂರು, ಗಾಡಿ ಬಿಡಿಭಾಗದ ಅಂಗಡಿಗಳಿರೋ ಜೆ.ಸಿ. ರಸ್ತೆಗೆ. ಹೋಗಿ ಬರೋ ಖರ್ಚು ಊಟ ಸೇರಿ 300. ಚೈನ್, ಟೆನ್ಷನರ್, ಚೈನ್ ಉಜ್ಜಿಕೊಂಡು ಓಡೋ ಎರಡು ಗೈಡ್ ಸೇರಿದ ಸೆಟ್ 5,200ಕ್ಕೆ ಸಿಕ್ಕಿತು. ಅದಕ್ಕಿಂತ ಅಗ್ಗದ್ದು ಎರಡೂವರೆ ಸಾವಿರಕ್ಕೂ ಇತ್ತು. ಅದರ ಗೈಡ್‌ಗಳ ಪ್ಲಾಸ್ಟಿಕ್ ಅಂಚು ಕೈಗೆ ತರಿತರಿ ಅನ್ನಿಸಿತು, ವಾಪಸ್ ಕೊಟ್ಟೆ. ಕ್ರ್ಯಾಂಕ್ ಆಯಿಲ್ ಸೀಲ್ 190, ಕವರ್ ಸೋರದ ಹಾಗೆ ಬಳಿಯೋ ಸಿಲಿಕಾನ್ ಪೇಸ್ಟ್ ಒಂದು ಟ್ಯೂಬ್ 280. ಇಂಥಾ ಕೆಲಸಕ್ಕೆ ಹೋಗೋರು ಎಂಜಿನ್ ನಂಬರ್ ಬರೆದುಕೊಂಡು ಹೋಗಿ. ಒಂದೇ ಮಾಡೆಲ್‌ನಲ್ಲಿ ವರ್ಷದ ಮೇಲೆ ಚೈನ್ ಬೇರೆ ಆಗಬಹುದು.

9. ಜನವರಿ 25ರಿಂದ 27. ಟೈಮಿಂಗ್ ಕವರ್. ಮೀಟರ್: 1,14,900.

ನಮ್ಮ ಬೀದಿಯಲ್ಲಿ ಮೊದಲು ಲಾರಿ ಮೆಕ್ಯಾನಿಕ್ ಆಗಿದ್ದ ಹಿರಿಯರೊಬ್ಬರಿದ್ದಾರೆ. ಅವರು ಕುರ್ಚಿ ಹಾಕಿಕೊಂಡು ಪಕ್ಕದಲ್ಲಿ ಕೂತರು. ಕೈ ಹಾಕಿದ್ದು ನಾನು, ಅಕ್ಕನ ಮಗ. ಕಾರನ್ನು ತೆಂಗಿನಮರದಿಂದ ದೂರ, ಕಾಯಿ ಬೀಳದ ಕಡೆ ನಿಲ್ಲಿಸಿದೆವು.

ಶನಿವಾರ. ಬ್ಯಾಟರಿ ನೆಗೆಟಿವ್ ಬಿಚ್ಚಿದ್ದು, ಆಯಿಲ್ ಇಳಿಸಿದ್ದು, ಬಲಗಡೆ ಮುಂದಿನ ಚಕ್ರ, ಅದರ ಒಳಗಿನ ಪ್ಲಾಸ್ಟಿಕ್, ಬೆಲ್ಟ್, ಟ್ಯಾಪೆಟ್ ಕವರ್. ಇಷ್ಟು ಎರಡು ಗಂಟೆ. ಈ ಎಂಜಿನ್‌ನಲ್ಲಿ ಎಂಜಿನ್ ಹಿಡಿದಿಡೋ ಬಲಗಡೆಯ ಮೌಂಟಿಂಗ್ ತೆಗೆಯದೆ ಕವರ್ ಬರೋದಿಲ್ಲ. ಸಂಪ್ ಕೂಡ ಬಿಚ್ಚಬೇಕಿದ್ದರಿಂದ ಕೆಳಗೆ ಜಾಕ್ ಕೊಡೋ ಹಾಗಿಲ್ಲ. ಎರಡು ಇಂಚಿನ ಜಿಐ ಪೈಪನ್ನು ಎರಡೂ ಬದಿಯ ಗಟ್ಟಿ ಚಾನಲ್ ಮೇಲೆ ಮರದ ತುಂಡು ಕೊಟ್ಟು ಅಡ್ಡ ಇಟ್ಟೆವು. ಬಾಡಿಗೆಗೆ ತಂದ, ಭಾರ ಎತ್ತೋ ಚೈನ್ ಪುಲ್ಲಿಯಿಂದ ಎಂಜಿನ್ ಹುಕ್ ಹಿಡಿದು ಸ್ವಲ್ಪವೇ ಎತ್ತಿ ನಿಲ್ಲಿಸಿದೆವು. ಗೇರ್‌ಬಾಕ್ಸ್ ಅಡಿಗೆ ಮರ ಕೊಟ್ಟು ಜಾಕ್.

ಕ್ರ್ಯಾಂಕ್ ಪುಲ್ಲಿ ಬೋಲ್ಟ್ ಇಡೀ ಮಧ್ಯಾಹ್ನ ತಿಂದಿತು. ಐದನೇ ಗೇರ್ ಹಾಕಿ, ಅಕ್ಕನ ಮಗ ಬ್ರೇಕ್ ಒತ್ತಿ ಹಿಡಿದ. ಪಾನದ ಹಿಡಿಗೆ ನಾಲ್ಕಡಿ ಪೈಪ್ ಸಿಕ್ಕಿಸಿ ಒತ್ತಿದೆ. ಪೈಪ್ ಬಗ್ಗಿತು, ಬೋಲ್ಟ್ ಅಲ್ಲಾಡಲಿಲ್ಲ. ಎರಡನೇ ಸಲ ಸಾಕೆಟ್ ಜಾರಿ ಗೆಣ್ಣು ಸುಲಿಯಿತು. ಹಿರಿಯರು ನಿಲ್ಲಿಸು ಅಂದರು. ಬಾಡಿಗೆ ಇಂಪ್ಯಾಕ್ಟ್ ವ್ರೆಂಚ್ ತಂದೆವು. ಎಂಟು ಸೆಕೆಂಡಿಗೆ ಬಂತು. ಮೊದಲೇ ತರಬೇಕಿತ್ತು. ಚೈನ್ ಪುಲ್ಲಿ, ವ್ರೆಂಚ್ ಎರಡರ ಬಾಡಿಗೆ ಸೇರಿ 1,000.

ಭಾನುವಾರ. ಸಂಪ್ ಇಳಿಸಿದಾಗ ನಾನು ಎಣಿಸದೇ ಇದ್ದದ್ದೊಂದು ಸಿಕ್ಕಿತು. ಆಯಿಲ್ ಪಂಪ್ ಹೀರಿಕೊಳ್ಳೋ ಜಾಲರಿಯ ಮೂರರಲ್ಲಿ ಒಂದು ಭಾಗ ಮುಚ್ಚಿಹೋಗಿತ್ತು. ಕರಿ ಜಿಡ್ಡು, ಅದರ ಜೊತೆಗೆ ಶಾವಿಗೆ ಎಳೆಯ ಹಾಗೆ ಬೂದು ಬಣ್ಣದ ಸಿಲಿಕಾನ್ ಎಳೆಗಳು. ನಮ್ಮ ಕೈಗೆ ಬರೋ ಮುಂಚೆ ಯಾರೋ ಈ ಸಂಪ್ ಬಿಚ್ಚಿ, ಪೇಸ್ಟ್ ಜಾಸ್ತಿ ಬಳಿದು ಮುಚ್ಚಿದ್ದರು. ಒಳಗೆ ಹಿಂಡಿಕೊಂಡಿದ್ದ ಪೇಸ್ಟ್ ಉದುರಿ ಜಾಲರಿಗೆ ಸಿಕ್ಕಿಕೊಂಡಿದೆ. ಹಳೇ ಹಲ್ಲುಜ್ಜೋ ಬ್ರಷ್, ಸೀಮೆಎಣ್ಣೆ, ಆಮೇಲೆ ಬ್ರೇಕ್ ಕ್ಲೀನರ್. ಜಾಲರಿಯ ಎರಡೂ ಕಡೆಯಿಂದ ಬೆಳಕು ಹಾಯೋ ತನಕ ಬಿಡಲಿಲ್ಲ.

ಕವರ್ ತೆಗೆಯೋ ಮುಂಚೆ ಟಿಡಿಸಿಗೆ ತಂದು, ಚೈನ್ ಕೊಂಡಿಗೂ ಹಲ್ಲಿಗೂ ಸೇರಿಸಿ ಬಿಳಿ ಪೇಂಟ್ ಚುಕ್ಕೆ ಇಟ್ಟು, ನಾಲ್ಕು ಕೋನದಿಂದ ಫೋಟೋ ತೆಗೆದೆ. ಮೂರು ಉದ್ದದ ಬೋಲ್ಟ್, ಉಳಿದವು ಗಿಡ್ಡ. ರಟ್ಟಿನ ಮೇಲೆ ಕವರ್‌ನ ಚಿತ್ರ ಬರೆದು ಆಯಾ ಜಾಗದಲ್ಲೇ ಚುಚ್ಚಿಟ್ಟೆ.

ಟೆನ್ಷನರ್‌ನ ಕೋಲು 14 ಎಂಎಂ ಹೊರಗೆ ಬಂದಿತ್ತು. ಅದನ್ನು ಕಳಚಿ ಹೆಬ್ಬೆರಳಿಂದ ಒತ್ತಿದೆ. ಲಾಕ್ ಹಿಡಿಯೋ ಮುಂಚೆ 3 ಎಂಎಂ ಸಲೀಸಾಗಿ ಒಳಗೆ ಹೋಯಿತು. ಕೈಬಿಟ್ಟರೆ ಮತ್ತೆ ಹೊರಗೆ. ಆಯಿಲ್ ಬರೋ ತನಕ ಚೈನ್ ಕುಣಿಯುತ್ತಿದ್ದದ್ದು ಈ ಮೂರು ಎಂಎಂ ಜಾಗದಲ್ಲಿ. ಹೊಸದನ್ನು ಅದೇ ರೀತಿ ಒತ್ತಿ ನೋಡಿದೆ, ಒಂದು ಎಂಎಂ ಕೂಡ ಇಲ್ಲ. ಗೈಡ್‌ಗಳಲ್ಲಿ ಚೈನ್ ಉಜ್ಜಿದ ಎರಡು ಗೆರೆ, ಉಗುರು ಇಟ್ಟರೆ ಸಿಕ್ಕಿಕೊಳ್ಳುವಷ್ಟು ಆಳ.

ಹಳೇ ಚೈನ್ ತೊಳೆದು ಒರೆಸಿ, ಹೊಸದರ ಪಕ್ಕದಲ್ಲಿ ಒಂದೇ ಮೊಳೆಗೆ ನೇತುಹಾಕಿದೆ. ಕೆಳಗೆ ಎರಡರಲ್ಲೂ ಒಂದೇ ತೂಕದ ಪಾನ ಸಿಕ್ಕಿಸಿದೆ. ಕೊಂಡಿಗಳ ಸಂಖ್ಯೆ ಒಂದೇ. ಹಾಗೆ ಇಳಿಬಿದ್ದಾಗ ಹಳೇದು ಹೊಸದಕ್ಕಿಂತ 3 ಎಂಎಂ ಕೆಳಗಿತ್ತು. ಸುತ್ತು ಲೆಕ್ಕದಲ್ಲಿ 6 ಎಂಎಂ ಉದ್ದ ಆದ ಹಾಗೆ. ಹಿರಿಯರು ಹಳೇ ಚೈನನ್ನು ಅಡ್ಡ ಹಿಡಿದು ತೋರಿಸಿದರು. ಅದು ಪಕ್ಕಕ್ಕೆ ಬಾಗಿ ಬಿಲ್ಲಿನ ಹಾಗೆ ಜೋತುಬಿತ್ತು. ಹೊಸದು ಹೆಚ್ಚೂಕಡಿಮೆ ನೆಟ್ಟಗೆ ನಿಂತಿತು.

ಸೋಮವಾರ, ರಜೆ ಹಾಕಿದ್ದೆ. ಹೊಸ ಚೈನಿನ ಬಣ್ಣದ ಕೊಂಡಿಗಳನ್ನು ಗುರುತಿಗೆ ಕೂರಿಸಿ, ಗೈಡ್, ಟೆನ್ಷನರ್ ಹಾಕಿದೆ. ಟೆನ್ಷನರ್ ಕೋಲು ಒಳಗೇ ಇರೋ ಹಾಗೆ ತಡೆಯೋ ಸಣ್ಣ ತಂತಿಯ ಪಿನ್ ಜೊತೆಗೇ ಬರುತ್ತದೆ. ಎಲ್ಲಾ ಕೂರಿಸಿದ ಮೇಲೆ ಅದನ್ನು ಎಳೆಯಬೇಕು.

ಕವರ್‌ಗೆ ಪೇಸ್ಟ್ ಬಳಿದೆ. ಎತ್ತಿ ಇನ್ನೇನು ಕೂರಿಸಬೇಕು. ಅಕ್ಕನ ಮಗ ಕೇಳಿದ, “ಮಾಮ, ಆ ತಂತಿ ಹಾಗೇ ಇರಬೇಕಾ?”

ಪಿನ್ ಎಳೆದೇ ಇರಲಿಲ್ಲ. ಅವನು ಕೇಳದೇ ಇದ್ದಿದ್ದರೆ ಸಡಿಲ ಚೈನ್ ಸಮೇತ ಸ್ಟಾರ್ಟ್ ಮಾಡಿ ವಾಲ್ವ್‌ಗಳನ್ನೇ ಬಗ್ಗಿಸಿಬಿಡುತ್ತಿದ್ದೆ. ಕವರ್ ಕೆಳಗಿಟ್ಟು ಪಿನ್ ಎಳೆದೆ. ಎರಡು ಸುತ್ತು ತಿರುಗಿಸಿ ಗುರುತು ಮತ್ತೆ ನೋಡಿದೆ. ಮತ್ತೆ ಬಿಳಿ ಚುಕ್ಕೆ, ಮತ್ತೆ ಫೋಟೋ. ಕಮ್ಮಿ ಅಂದರೂ ಇಪ್ಪತ್ತೈದು ನಿಮಿಷ ಹೋಯಿತು. ಅಷ್ಟರಲ್ಲಿ ಪೇಸ್ಟ್ ಮೇಲೆ ಹಾಲಿನ ಕೆನೆ ಕಟ್ಟಿದ ಹಾಗೆ ಪೊರೆ ಕಟ್ಟಿತ್ತು. ಮುಟ್ಟಿದರೆ ಬೆರಳಿಗೆ ಅಂಟುತ್ತಿರಲಿಲ್ಲ. ಕೆರೆದು ಹೊಸದಾಗಿ ಬಳಿಯಬೇಕಿತ್ತು. ಟ್ಯೂಬ್ ಖಾಲಿ ಆಗಿತ್ತು, ಸಂಜೆ ಆಗುತ್ತಿತ್ತು, ಬೆಳಿಗ್ಗೆ ಹೆಂಡತಿಗೆ ಗಾಡಿ ಬೇಕಿತ್ತು. ಹಾಗೇ ಕೂರಿಸಿ ಬೋಲ್ಟ್ ಬಿಗಿದೆ. ತಪ್ಪು ಅಂತ ಆಗಲೇ ಗೊತ್ತಿತ್ತು.

ಕವರ್‌ನ ಸಣ್ಣ ಬೋಲ್ಟ್‌ಗಳು 11 ನ್ಯೂಟನ್ ಮೀಟರ್, ಕ್ರ್ಯಾಂಕ್ ಪುಲ್ಲಿ 150. ಇದು ನಾನು ನೋಡಿದ ಪುಸ್ತಕದ ಲೆಕ್ಕ, ನಿಮ್ಮ ಎಂಜಿನ್‌ಗೆ ನಿಮ್ಮ ಪುಸ್ತಕ ನೋಡಿ. ಸ್ಪಾರ್ಕ್ ಪ್ಲಗ್ ತೆಗೆದು, ಇಂಜೆಕ್ಟರ್ ಕನೆಕ್ಟರ್ ಕಳಚಿ, ಆಯಿಲ್ ಲೈಟ್ ಆರೋ ತನಕ ಬರೀ ಸೆಲ್ಫ್ ಹೊಡೆದೆ. ಹತ್ತು ಸೆಕೆಂಡಿನಂತೆ ಮೂರು ಸಲ ಬೇಕಾಯಿತು. ಆಮೇಲೆ ಪ್ಲಗ್ ಹಾಕಿ ಸ್ಟಾರ್ಟ್. ಗರಗರ ಇಲ್ಲ. ಹಿರಿಯರು ಕುರ್ಚಿಯಿಂದ ಎದ್ದು ಬಂದು ಕವರ್ ಮೇಲೆ ಅಂಗೈ ಇಟ್ಟು ಸ್ವಲ್ಪ ಹೊತ್ತು ನಿಂತರು. ತಲೆ ಆಡಿಸಿದರು.

10. ಜನವರಿ 30. ನೆಲದ ಮೇಲೆ ಹನಿ.

ಮೂರನೇ ಬೆಳಿಗ್ಗೆ ಕಾರಿನಡಿ ಎಂಟಾಣೆ ಅಗಲದ ಕಲೆ. ಟಾರ್ಚ್ ಹಾಕಿ ನೋಡಿದರೆ ಕವರ್, ಹೆಡ್, ಬ್ಲಾಕ್ ಮೂರೂ ಸೇರೋ ಮೂಲೆಯಿಂದ ಇಳಿಯುತ್ತಿದೆ. ಪೊರೆ ಕಟ್ಟಿದ ಪೇಸ್ಟ್ ಅಲ್ಲಿ ಹಿಡಿದಿಲ್ಲ. ಹೊರಗಿನಿಂದ ಒರೆಸಿ ಪೇಸ್ಟ್ ಮೆತ್ತಿ ನೋಡಿದೆ. ಒಂದೇ ದಿನಕ್ಕೆ ಕಿತ್ತುಬಂತು. ಹೊರಗಿನ ಮೆತ್ತಿಗೆ ಆಯಿಲ್ ನಿಲ್ಲೋದಿಲ್ಲ.

ಹೆಂಡತಿ ಒಂದು ವಾರ ಬಸ್ಸಲ್ಲಿ ಓಡಾಡಿದಳು. ಇಪ್ಪತ್ತೈದು ನಿಮಿಷದ ಆತುರಕ್ಕೆ ಅವಳು ತೆತ್ತ ಬೆಲೆ ಅದು. ನನಗೆ ಈಗಲೂ ಬೇಜಾರಿದೆ.

11. ಫೆಬ್ರವರಿ 8 ಮತ್ತು 9. ಎರಡನೇ ಸಲ. ಮೀಟರ್: 1,15,200.

ಮತ್ತೆ ಪೈಪ್, ಮತ್ತೆ ಪುಲ್ಲಿ, ಬಾಡಿಗೆ 500. ಈ ಸಲ ಕ್ರ್ಯಾಂಕ್ ಬೋಲ್ಟ್‌ಗೆ ನೇರ ಇಂಪ್ಯಾಕ್ಟ್. ಕವರ್ ಹೊರಗೆ ಬರೋಕೆ ಮೂರೇ ಗಂಟೆ. ಆಯಿಲ್ ಹೊಸದೇ ಇದ್ದಿದ್ದರಿಂದ ತೊಳೆದು ಒಣಗಿಸಿದ ಪಾತ್ರೆಗೆ ಇಳಿಸಿ, ಬಟ್ಟೆಯಲ್ಲಿ ಸೋಸಿ ಅದನ್ನೇ ವಾಪಸ್ ಹಾಕಿದೆ.

ಹಳೇ ಪೇಸ್ಟ್ ತೆಗೆಯೋದೇ ಎರಡೂವರೆ ಗಂಟೆ. ಅಲ್ಯೂಮಿನಿಯಂ ಮೇಲೆ ಕಬ್ಬಿಣದ ಬ್ಲೇಡ್ ಎಳೆಯಬಾರದು, ಗೆರೆ ಬಿದ್ದರೆ ಅಲ್ಲೇ ಸೋರುತ್ತದೆ. ಹಳೇ ಪ್ಲಾಸ್ಟಿಕ್ ಸ್ಕೇಲ್ ಮುರಿದು ಅದರ ಅಂಚಿನಿಂದ ಕೆರೆದೆ. ತುಣುಕು ಒಳಗೆ ಬೀಳದ ಹಾಗೆ ಸಂಪ್ ಬಾಯಿಗೆ ಬಟ್ಟೆ ತುರುಕಿದ್ದೆ. ಜಾಲರಿಯಲ್ಲಿ ಕಂಡ ಶಾವಿಗೆ ಎಳೆ ಕಣ್ಣ ಮುಂದೆಯೇ ಇತ್ತು. ಕೊನೆಗೆ ಬ್ರೇಕ್ ಕ್ಲೀನರ್ ಹಾಕಿ ಬಿಳಿ ಬಟ್ಟೆಯಲ್ಲಿ ಒರೆಸಿದೆ. ಬಟ್ಟೆ ಬಿಳಿಯಾಗಿಯೇ ವಾಪಸ್ ಬಂದ ಮೇಲೆ ನಿಲ್ಲಿಸಿದೆ.

ಹೊಸ ಟ್ಯೂಬ್, 280 ರೂಪಾಯಿ. 3 ಎಂಎಂ ದಪ್ಪದ ಒಂದೇ ಎಳೆ, ಬೋಲ್ಟ್ ತೂತಿನ ಒಳಬದಿಯಿಂದ. ಮೂರು ಸೇರೋ ಆ ಮೂಲೆಗಳಲ್ಲಿ ಒಂದು ಚುಕ್ಕೆ ಜಾಸ್ತಿ. ಬಳಿಯೋ ಮುಂಚೆ ಕವರನ್ನು ಒಣಗಾಗಿಯೇ ಎರಡು ಸಲ ಕೂರಿಸಿ ತೆಗೆದು ಅಭ್ಯಾಸ ಮಾಡಿಕೊಂಡೆವು. ಬಳಿದ ಮೇಲೆ ಐದು ನಿಮಿಷದೊಳಗೆ ಕವರ್ ಕೂತಿತ್ತು. ರಾತ್ರಿಯಿಡೀ ಬಿಟ್ಟು, ಭಾನುವಾರ ಸಂಜೆ ಆಯಿಲ್ ಹಾಕಿದೆ.

12. ಖರ್ಚು

ಚೈನ್ ಸೆಟ್ 5,200. ಆಯಿಲ್ ಎರಡು ಡಬ್ಬಿ 3,700. ಫಿಲ್ಟರ್ ಎರಡು 480. ಟ್ಯಾಪೆಟ್ ಗ್ಯಾಸ್ಕೆಟ್ 450. ಸೀಲ್ 190. ಪೇಸ್ಟ್ ಎರಡು ಟ್ಯೂಬ್ 560. ಬ್ರೇಕ್ ಕ್ಲೀನರ್ ಎರಡು 500. ಫೀಲರ್ ಗೇಜ್ 150. ಬಾಡಿಗೆ 1,500. ಬೆಂಗಳೂರು ಪ್ರಯಾಣ 300. ಬೇಡದ ಬೆಲ್ಟ್ 520, ಕ್ಲ್ಯಾಂಪ್ 60. ಒಟ್ಟು 13,610 ರೂಪಾಯಿ. ಗ್ಯಾರೇಜ್ ಲೆಕ್ಕಕ್ಕೆ ಹೋಲಿಸಿದರೆ ಉಳಿದದ್ದು 4,390. ಬರೀ ದುಡ್ಡು ಉಳಿಸೋಕೆ ಇದನ್ನು ಮಾಡಿ ಅಂತ ಯಾರಿಗೂ ಹೇಳೋದಿಲ್ಲ. ಜಾಲರಿ ನೋಡಿದ್ದು, ಕೆರೆದು ತೊಳೆದದ್ದು ನನ್ನ ಕೈಯಾರೆ ಆಯ್ತಲ್ಲ, ಆ ನೆಮ್ಮದಿಗೆ ಮಾಡಿದ್ದು.

13. ಫೆಬ್ರವರಿ 23. ಮೀಟರ್: 1,15,600.

ಇವತ್ತು ಬೆಳಿಗ್ಗೆ ಮತ್ತೆ ಸ್ಟಿಯರಿಂಗ್‌ಗೆ ಫೋನ್ ಕಟ್ಟಿ ವಿಡಿಯೋ ತೆಗೆದೆ. ಹತ್ತೂವರೆ ಗಂಟೆ ನಿಂತಿದ್ದ ಗಾಡಿ. ಲೈಟ್ 0.8 ಸೆಕೆಂಡಿಗೆ ಆರಿತು. ಗರಗರ ಇಲ್ಲ. ನಿಧಾನ ಮಾಡಿ ಮೂರು ಸಲ ಕೇಳಿದೆ, ಸೆಲ್ಫ್ ಸದ್ದು ಮುಗಿದ ಕೂಡಲೇ ಎಂಜಿನ್ ಸದ್ದು, ನಡುವೆ ಏನೂ ಇಲ್ಲ. ಕಾರಿನಡಿ ಹಾಸಿದ ರಟ್ಟು ಹದಿಮೂರು ದಿನದಿಂದ ಒಣಗಿಯೇ ಇದೆ.

ಅಂಚಿನಲ್ಲಿದ್ದ ಆ ಒಂದು ಎಕ್ಸಾಸ್ಟ್ ವಾಲ್ವ್ ಗ್ಯಾಪ್ ಇನ್ನೂ ಹಾಗೇ ಇದೆ. 1,20,000ಕ್ಕೆ ಆಯಿಲ್ ಬದಲಿಸುವಾಗ ಅದನ್ನು ಮತ್ತೆ ಅಳೆದು, ಈಗ ಇರೋ ಫಿಲ್ಟರನ್ನೂ ಕೊಯ್ದು ನೋಡುತ್ತೇನೆ. ಹಳೇ ಫಿಲ್ಟರಿನ ರಬ್ಬರ್ ಬಿಲ್ಲೆಯನ್ನು ಪಕ್ಕದಲ್ಲಿಟ್ಟು ಹೋಲಿಸೋಕೆ ಅಂತಲೇ ಡಬ್ಬಿಯಲ್ಲಿ ಎತ್ತಿಟ್ಟಿದ್ದೇನೆ.